ಚರ್ಮ ತೋರಿಸಿ: ಡಯಾಲಿಸಿಸ್‌ನಲ್ಲಿರುವವರಿಗೂ ಅವರ ಮನೆಯವರಿಗೂ ಒಂದು ಮನವಿ

(ಬಸವನಗುಡಿಯಲ್ಲಿ ಕಿಡ್ನಿ ರೋಗಿಗಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಚರ್ಮರೋಗದ ವೈದ್ಯೆ. ಕಿಡ್ನಿ ಬಗ್ಗೆ ಮಾತಾಡುವುದಕ್ಕೆ ಚರ್ಮದ ಡಾಕ್ಟರ್ ಯಾಕೆ ಬಂದರು ಅಂತ ನಿಮಗೆ ಅನ್ನಿಸಿರಬಹುದು. ಕಿಡ್ನಿ ಕೆಲಸ ನಿಲ್ಲಿಸಿದ ಮೇಲೆ ಹೊರಗೆ ಹೋಗಬೇಕಾದದ್ದು ಒಳಗೇ ಉಳಿಯುತ್ತದೆ. ಉಳಿದದ್ದು ದೇಹದಲ್ಲಿ ಎಲ್ಲೋ ಒಂದು ಕಡೆ ಸೇರಿಕೊಳ್ಳುತ್ತದೆ. ಎಷ್ಟೋ ಸಲ ಆ ಜಾಗ ಚರ್ಮ, ಚರ್ಮದ ಕೆಳಗಿನ ಕೊಬ್ಬು, ಅಲ್ಲಿ ಹರಿಯುವ ಸಣ್ಣ ಸಣ್ಣ ರಕ್ತನಾಳ.

ಡಯಾಲಿಸಿಸ್‌ನಲ್ಲಿರುವವರಿಗೆ ಚರ್ಮದ ತೊಂದರೆ ಹೊಸದೇನಲ್ಲ. ಚರ್ಮ ಒಣಗುತ್ತದೆ, ಬಣ್ಣ ಕಪ್ಪಾಗುತ್ತದೆ. ರಾತ್ರಿ ತುರಿಕೆ ಜಾಸ್ತಿಯಾಗಿ ನಿದ್ದೆ ಬರುವುದಿಲ್ಲ. ಕೆಲವರ ಉಗುರು ಬುಡದಲ್ಲಿ ಬೆಳ್ಳಗೆ, ತುದಿಯಲ್ಲಿ ಕಂದು. ಇವುಗಳ ಬಗ್ಗೆಯೇ ಒಂದು ದಿನ ಮಾತಾಡಬಹುದು. ಆದರೆ ಇವತ್ತಿನ ವಿಷಯ ಬೇರೆ ಎರಡು ಕಾಯಿಲೆ. ಎರಡೂ ಅಪರೂಪ, ಎರಡೂ ಗಂಭೀರ. ಎರಡರಲ್ಲೂ ಚರ್ಮ ಮುಟ್ಟಿದರೆ ಗಟ್ಟಿ. ಒಂದರಲ್ಲಿ ನಾರು ಬೆಳೆದು ಗಟ್ಟಿಯಾಗುತ್ತದೆ, ಇನ್ನೊಂದರಲ್ಲಿ ಸುಣ್ಣ, ಅಂದರೆ ಕ್ಯಾಲ್ಸಿಯಂ, ಕಟ್ಟಿ.

ಮೊದಲನೆಯದನ್ನು ತಂದಿದ್ದು ವೈದ್ಯಕೀಯವೇ, ಗೊತ್ತಿಲ್ಲದೆ. ಕಾರಣ ತಿಳಿದ ಮೇಲೆ ಅದು ಬಹುಮಟ್ಟಿಗೆ ನಿಂತುಹೋಯಿತು. ಎರಡನೆಯದು ಇನ್ನೂ ಇದೆ. ಅದನ್ನು ನಾವು ತುಂಬಾ ತಡವಾಗಿ ನೋಡುತ್ತಿದ್ದೇವೆ. ಸೀರೆ, ಪಂಚೆ ಸರಿಸಿ ಯಾರೂ ನೋಡದೆ ಇರುವುದು ಅದಕ್ಕೆ ಒಂದು ದೊಡ್ಡ ಕಾರಣ. ಮುಖ್ಯವಾಗಿ ಅದನ್ನು ಹೇಳುವುದಕ್ಕೇ ನಾನು ಬಂದಿದ್ದೇನೆ.

ಸ್ಕ್ಯಾನ್‌ನಿಂದ ಬಂದ ಕಾಯಿಲೆ

1997ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಡಯಾಲಿಸಿಸ್ ರೋಗಿಗಳ ಕೈಕಾಲಿನ ಚರ್ಮ ದಪ್ಪವಾಗತೊಡಗಿತು. ಮೊದಲು ಊತ, ಕೆಂಪು, ಉರಿ. ಆಮೇಲೆ ಚರ್ಮ ಬಿಗಿದು, ಚಿವುಟಿದರೆ ಬೆರಳಿಗೆ ಸಿಗದಷ್ಟು ಗಟ್ಟಿ. ಮಂಡಿ ಮಡಚಲು ಆಗದು, ಮೊಣಕೈ ಚಾಚಲು ಆಗದು, ಬೆರಳು ಬಿಡಿಸಲು ಆಗದು. ನಡೆದಾಡುತ್ತಿದ್ದವರು ಕೆಲವೇ ವಾರಗಳಲ್ಲಿ ವೀಲ್‌ಚೇರ್‌ಗೆ ಬಂದರು. ಮುಖಕ್ಕೆ ಮಾತ್ರ ಸಾಮಾನ್ಯವಾಗಿ ಏನೂ ಆಗುತ್ತಿರಲಿಲ್ಲ. ಚರ್ಮ ಗಟ್ಟಿಯಾಗುವ ಹಳೆಯ ಕಾಯಿಲೆ ಸ್ಕ್ಲೀರೋಡರ್ಮಾದಲ್ಲಿ ಮುಖವೂ ಬಿಗಿಯುತ್ತದೆ. ಹಾಗಾಗಿ ಇದು ಅದಲ್ಲ ಅಂತ ವೈದ್ಯರಿಗೆ ಅನ್ನಿಸಿತು.

2000ನೇ ಇಸವಿಯಲ್ಲಿ ಶಾನ್ ಕೌಪರ್ ಎಂಬ ವೈದ್ಯರು ಮತ್ತು ಅವರ ಜೊತೆಯವರು ಇಂಥ 15 ರೋಗಿಗಳ ವಿವರವನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗ ಇದು ಚರ್ಮದ್ದೇ ಕಾಯಿಲೆ ಅಂದುಕೊಂಡಿದ್ದರು. ಸ್ನಾಯು, ಶ್ವಾಸಕೋಶ, ಹೃದಯದಲ್ಲೂ ನಾರು ಬೆಳೆದಿರುವುದು ಆಮೇಲೆ ಕಂಡಿತು. ಹೆಸರು ನೆಫ್ರೋಜೆನಿಕ್ ಸಿಸ್ಟಮಿಕ್ ಫೈಬ್ರೋಸಿಸ್ ಅಂತ ಆಯಿತು. ನಾವು ಎನ್‌ಎಸ್‌ಎಫ್ ಅನ್ನುತ್ತೇವೆ.

ಕಾರಣ ಯಾವುದು? ವರ್ಷಗಟ್ಟಲೆ ಯಾರಿಗೂ ಹೊಳೆಯಲಿಲ್ಲ. ರಕ್ತ ಹೆಚ್ಚಿಸಲು ಕೊಡುವ ಎರಿತ್ರೋಪೊಯಿಟಿನ್ ಇಂಜೆಕ್ಷನ್ ಮೇಲೆ ಅನುಮಾನ ಬಂತು. ಆಪರೇಷನ್, ರಕ್ತ ಹೆಪ್ಪುಗಟ್ಟುವ ತೊಂದರೆ, ಎಲ್ಲವನ್ನೂ ನೋಡಿದರು. 2006ರ ಆರಂಭದಲ್ಲಿ ಆಸ್ಟ್ರಿಯಾದ ಥಾಮಸ್ ಗ್ರೋಬ್ನರ್ ಎಂಬ ಕಿಡ್ನಿ ವೈದ್ಯರು ತಮ್ಮ ರೋಗಿಗಳ ಕಡತಗಳನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆ ಹಾಕಿಕೊಂಡರು. ಇವರೆಲ್ಲರಿಗೂ ಕಾಯಿಲೆ ಶುರುವಾಗುವ ಮುಂಚೆ ಏನು ಆಗಿತ್ತು? ಉತ್ತರ ಎಂಆರ್‌ಐ ಸ್ಕ್ಯಾನ್. ಸ್ಕ್ಯಾನ್ ಮಾಡುವಾಗ ಚಿತ್ರ ಸ್ಪಷ್ಟವಾಗಲಿ ಅಂತ ಕೊಟ್ಟ ಗ್ಯಾಡೊಲಿನಿಯಂ ಇಂಜೆಕ್ಷನ್. ಎಂಆರ್‌ಐ ಮಾಡಿಸಿಕೊಂಡ ಒಂಬತ್ತು ಜನರಲ್ಲಿ ಐವರಿಗೆ ಈ ಕಾಯಿಲೆ ಬಂದಿತ್ತು. ಅದೇ ವರ್ಷ ಡೆನ್ಮಾರ್ಕ್‌ನಿಂದ 13 ರೋಗಿಗಳ ವರದಿ ಬಂತು. ಆ 13 ಜನರಿಗೂ ಗ್ಯಾಡೊಡಯಮೈಡ್ ಎಂಬ ಒಂದೇ ಗ್ಯಾಡೊಲಿನಿಯಂ ಔಷಧ ಕೊಟ್ಟಿದ್ದರು.

ಇದರಲ್ಲಿ ಮನಸ್ಸಿಗೆ ಬಹಳ ನೋವಾಗುವ ಸಂಗತಿ ಒಂದಿದೆ. ಸಿ.ಟಿ. ಸ್ಕ್ಯಾನ್‌ಗೆ ಕೊಡುವ ಅಯೋಡಿನ್ ಔಷಧ ಕಿಡ್ನಿಗೆ ಪೆಟ್ಟು ಕೊಡಬಹುದು ಅಂತ ಮೊದಲೇ ಗೊತ್ತಿತ್ತು. ಗ್ಯಾಡೊಲಿನಿಯಂ ಸುರಕ್ಷಿತ ಎಂಬ ನಂಬಿಕೆ ಇತ್ತು. ಅದಕ್ಕೇ ಕಿಡ್ನಿ ರೋಗಿಗಳನ್ನು ಬೇಕಂತಲೇ ಎಂಆರ್‌ಐಗೆ ಕಳಿಸುತ್ತಿದ್ದರು. ರಕ್ತನಾಳದ ಚಿತ್ರ ಬೇಕಾದಾಗ ಮಾಮೂಲಿ ಪ್ರಮಾಣದ ಎರಡು ಮೂರು ಪಟ್ಟು ಔಷಧ ಕೊಡುವುದೂ ಇತ್ತು. ಕಿಡ್ನಿಯನ್ನು ಕಾಪಾಡಲು ಹೋಗಿ ಈ ತೊಂದರೆ ಆಯಿತು.

ಗ್ಯಾಡೊಲಿನಿಯಂ ಒಂದು ಲೋಹ. ಅದರ ಅಯಾನಿನ ಗಾತ್ರ ಕ್ಯಾಲ್ಸಿಯಂ ಅಯಾನಿನ ಗಾತ್ರಕ್ಕೆ ತುಂಬಾ ಹತ್ತಿರ. ಹಾಗಾಗಿ ಬಿಡಿಯಾಗಿ ರಕ್ತಕ್ಕೆ ಸೇರಿದರೆ ಕ್ಯಾಲ್ಸಿಯಂನ ಕೆಲಸಕ್ಕೆ ಅಡ್ಡ ಬಂದು ವಿಷವಾಗುತ್ತದೆ. ಅದಕ್ಕೆ ಅದನ್ನು ಇನ್ನೊಂದು ಅಣುವಿನೊಳಗೆ ಬಂಧಿಸಿ ಕೊಡುತ್ತಾರೆ. ಕಿಡ್ನಿ ಚೆನ್ನಾಗಿದ್ದರೆ ಸುಮಾರು ಒಂದೂವರೆ ಎರಡು ಗಂಟೆಗೆ ಅದರ ಅರ್ಧ ಮೂತ್ರದಲ್ಲಿ ಹೋಗಿಬಿಡುತ್ತದೆ. ಕಿಡ್ನಿ ಪೂರ್ತಿ ಸೋತವರಲ್ಲಿ ಅದೇ ಅರ್ಧ ಹೋಗಲು 30 ಗಂಟೆ ದಾಟುತ್ತದೆ. ಅಷ್ಟು ಹೊತ್ತು ಒಳಗೆ ಸುತ್ತುತ್ತಾ ಇದ್ದರೆ ಬಂಧ ಸಡಿಲವಾಗಿ ಲೋಹ ಬಿಡುಗಡೆಯಾಗುತ್ತದೆ. ಅದು ಚರ್ಮದಲ್ಲಿ ಕೂರುತ್ತದೆ. ಆಗ ಗಾಯ ಮಾಯಿಸುವ ಕೆಲಸದ ಜೀವಕೋಶಗಳು, ಗಾಯವೇ ಇಲ್ಲದ ಕಡೆ ಬಂದು ನಾರು ಹೆಣೆಯಲು ಶುರು ಮಾಡುತ್ತವೆ. ರೋಗಿಗಳ ಚರ್ಮದ ತುಣುಕಿನಲ್ಲಿ ಗ್ಯಾಡೊಲಿನಿಯಂ ಇರುವುದನ್ನೂ ಆಮೇಲೆ ತೋರಿಸಿದರು.

2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಔಷಧಗಳ ಮೇಲೆ ಅತ್ಯಂತ ಗಂಭೀರವಾದ ಎಚ್ಚರಿಕೆ ಹಾಕಿಸಿತು. ಯುರೋಪಿನಲ್ಲಿ 2017ರಲ್ಲಿ ಸಡಿಲ ಬಂಧದ ಕೆಲವು ಔಷಧಗಳನ್ನು ರಕ್ತನಾಳಕ್ಕೆ ಕೊಡುವುದನ್ನೇ ತಡೆಹಿಡಿದರು. ಲೋಹವನ್ನು ಸುತ್ತಲಿಂದ ಪೂರ್ತಿ ಬಿಗಿದಿರುವ, ಉಂಗುರ ರಚನೆಯ ಔಷಧಗಳು ಬಳಕೆಗೆ ಬಂದವು. ಗ್ಯಾಡೊಬ್ಯೂಟ್ರಾಲ್, ಗ್ಯಾಡೊಟೆರಿಕ್ ಆ್ಯಸಿಡ್, ಗ್ಯಾಡೊಟೆರಿಡಾಲ್ ಈ ಗುಂಪಿನವು. ಹೊಸ ಎನ್‌ಎಸ್‌ಎಫ್ ರೋಗಿಗಳು ಸಿಗುವುದು ಈಗ ತೀರಾ ಅಪರೂಪ. ಯಾರೋ ಒಬ್ಬರು ಹಳೆಯ ಕಡತ ತೆಗೆದು ಓದಿದ್ದರಿಂದ ಒಂದು ಕಾಯಿಲೆ ಹತ್ತು ವರ್ಷದೊಳಗೆ ಹೆಚ್ಚುಕಡಿಮೆ ಇಲ್ಲವಾಯಿತು. ನನಗೆ ಇದು ವೈದ್ಯಕೀಯದ ಬಹಳ ದೊಡ್ಡ ಕೆಲಸಗಳಲ್ಲಿ ಒಂದು ಅನ್ನಿಸುತ್ತದೆ.

ಈಗ ನಮ್ಮ ಕಡೆಯ ಮಾತು. ಹಳೆಯ ಭಯ ಇನ್ನೂ ಹೋಗಿಲ್ಲ. ಡಯಾಲಿಸಿಸ್‌ನಲ್ಲಿದ್ದೀರಾ, ಹಾಗಾದರೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ಇಂಜೆಕ್ಷನ್) ಎಂಆರ್‌ಐ ಆಗುವುದೇ ಇಲ್ಲ ಅಂತ ಹೇಳಿಸಿಕೊಂಡು ಬರುವವರಿದ್ದಾರೆ. ಮೆದುಳಿನಲ್ಲಿ ಗಡ್ಡೆ ಇದೆಯೋ ಇಲ್ಲವೋ ತಿಳಿಯಬೇಕಾದಾಗ ಸ್ಕ್ಯಾನ್ ಬಿಡುವುದೂ ಅಪಾಯವೇ ಅಲ್ವಾ? ಕಿಡ್ನಿ ಬಹಳ ದುರ್ಬಲವಾಗಿದ್ದ 4,931 ರೋಗಿಗಳಿಗೆ ಸುರಕ್ಷಿತ ಗುಂಪಿನ ಔಷಧ ಕೊಟ್ಟ ಅಧ್ಯಯನಗಳನ್ನು ಒಟ್ಟುಮಾಡಿ 2020ರಲ್ಲಿ ಒಂದು ವಿಶ್ಲೇಷಣೆ ಬಂತು. ಅವರಲ್ಲಿ ಒಬ್ಬರಿಗೂ ಎನ್‌ಎಸ್‌ಎಫ್ ಬರಲಿಲ್ಲ. ಹಾಗಾಗಿ ನಿಜವಾಗಿ ಬೇಕಾದ ಸ್ಕ್ಯಾನನ್ನು ಭಯದಿಂದ ಬಿಡಬೇಡಿ.

ಆದರೆ ಒಂದು ಎಚ್ಚರಿಕೆ ಬೇಕು. ಬೆಂಗಳೂರಿನಲ್ಲಿ ಡಯಾಲಿಸಿಸ್ ಒಂದು ಆಸ್ಪತ್ರೆಯಲ್ಲಿ, ಸ್ಕ್ಯಾನ್ ಇನ್ನೊಂದು ಬಡಾವಣೆಯ ಸೆಂಟರ್‌ನಲ್ಲಿ. ನಿಮ್ಮ ಕಡತ ಅಲ್ಲಿರುವುದಿಲ್ಲ. ಕೌಂಟರ್‌ನಲ್ಲಿ ಕೊಡುವ ಫಾರಂ ಅನ್ನು ಜೊತೆಗೆ ಬಂದ ಮಗನೋ ಅಳಿಯನೋ ಅವಸರದಲ್ಲಿ ತುಂಬಿ ಸಹಿ ಹಾಕಿಸುತ್ತಾರೆ. ಕಿಡ್ನಿ ತೊಂದರೆ ಇದೆಯಾ ಅನ್ನುವ ಪ್ರಶ್ನೆ ಅದರಲ್ಲೇ ಇರುತ್ತದೆ. ಓದಿ ತುಂಬಿಸಿ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಫೋನಿನಲ್ಲಿ ಡಯಾಲಿಸಿಸ್ ರೋಗಿ ಅಂತ ಹೇಳಿ. ಕಾಂಟ್ರಾಸ್ಟ್ ಬೇಕೇ ಬೇಕಾ, ಯಾವುದು ಕೊಡುತ್ತೀರಿ ಅಂತ ಕೇಳುವುದು ನಿಮ್ಮ ಹಕ್ಕು. ಸಾಧ್ಯವಾದರೆ ಸ್ಕ್ಯಾನ್ ಆದ ಮೇಲೆ ಅದೇ ದಿನ ಡಯಾಲಿಸಿಸ್ ಬರುವ ಹಾಗೆ ದಿನ ಗೊತ್ತುಮಾಡಿಕೊಳ್ಳಿ. ಹೊಟ್ಟೆಯ ಮೂಲಕ ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವವರಲ್ಲಿ ಈ ಲೋಹ ನಿಧಾನವಾಗಿ ಹೊರಹೋಗುತ್ತದೆ. ಅವರು ಇನ್ನೂ ಮುಂಚಿತವಾಗಿ ತಮ್ಮ ಕಿಡ್ನಿ ಡಾಕ್ಟರ ಜೊತೆ ಮಾತಾಡಬೇಕು.

ಸುಣ್ಣ ಕಟ್ಟುವುದು

ಇನ್ನು ಎರಡನೆಯ ಕಾಯಿಲೆ. ಕ್ಯಾಲ್ಸಿಫೈಲಾಕ್ಸಿಸ್. ಹೆಸರು ಕಷ್ಟ, ನೆನಪಿಟ್ಟುಕೊಳ್ಳದಿದ್ದರೂ ಪರವಾಗಿಲ್ಲ. ಲಕ್ಷಣ ನೆನಪಿಟ್ಟುಕೊಳ್ಳಿ.

ಮೊದಲು ಬರುವುದು ನೋವು. ತೊಡೆ, ಕೆಳಹೊಟ್ಟೆ, ಪೃಷ್ಠ, ಸ್ತನ, ಹೀಗೆ ಕೊಬ್ಬು ಜಾಸ್ತಿ ಇರುವ ಕಡೆ. ಕೆಲವರಿಗೆ ಮೀನಖಂಡದಲ್ಲಿ. ಮೇಲೆ ನೋಡಿದರೆ ಏನೂ ಇರುವುದಿಲ್ಲ, ಅಥವಾ ಬಲೆ ಹರಡಿದ ಹಾಗೆ ನೇರಳೆ ಗೆರೆಗಳು ಇರುತ್ತವೆ. ಮುಟ್ಟಿದರೆ ಒಳಗೆ ಗಟ್ಟಿ ಗಂಟು. ಬಟ್ಟೆ ತಾಗಿದರೂ ಪ್ರಾಣ ಹೋಗುವಷ್ಟು ನೋವು. ಕೆಲವು ದಿನ ಅಥವಾ ವಾರಗಳಲ್ಲಿ ಆ ಜಾಗ ಕಪ್ಪಾಗುತ್ತದೆ, ಚರ್ಮ ಸಾಯುತ್ತದೆ, ಹುಣ್ಣು ಒಡೆಯುತ್ತದೆ. ಹುಣ್ಣು ಒಡೆದ ಮೇಲೆ ಸೋಂಕು. ಹೆಚ್ಚಿನವರು ಸಾಯುವುದು ಆ ಸೋಂಕು ರಕ್ತಕ್ಕೆ ಸೇರಿ. ಬೇರೆ ಬೇರೆ ವರದಿಗಳ ಪ್ರಕಾರ ಕಾಯಿಲೆ ಬಂದವರಲ್ಲಿ ಶೇಕಡಾ 45ರಿಂದ 80ರಷ್ಟು ಜನ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಹೆದರಿಸಲು ಈ ಸಂಖ್ಯೆ ಹೇಳುತ್ತಿಲ್ಲ. ಹುಣ್ಣು ಒಡೆಯುವ ಮುಂಚೆ ಸಿಕ್ಕಿದರೆ ಬದುಕುವ ಅವಕಾಶ ಹೆಚ್ಚು, ಅದಕ್ಕೆ ಹೇಳುತ್ತಿದ್ದೇನೆ.

ಕಾಯಿಲೆ ಹೊಸದಲ್ಲ. 1898ರಲ್ಲೇ ಬ್ರಯಾಂಟ್ ಮತ್ತು ವೈಟ್ ಎಂಬ ವೈದ್ಯರು ಇಂಥ ರೋಗಿಯ ಬಗ್ಗೆ ಬರೆದಿದ್ದರು. ಮಾನಸಿಕ ಒತ್ತಡದ ಸಂಶೋಧನೆಯಿಂದ ಹೆಸರಾದ ಕೆನಡಾದ ಹಾನ್ಸ್ ಸೆಲ್ಯೆ 1960ರ ದಶಕದ ಆರಂಭದಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗದಿಂದ ಈ ಹೆಸರು ಬಂತು. ಮನುಷ್ಯರಲ್ಲಿ ಆಗುವುದು ಇಲಿಯಲ್ಲಿ ಆದದ್ದಕ್ಕಿಂತ ಬೇರೆ, ಆದರೂ ಹೆಸರು ಉಳಿದುಬಿಟ್ಟಿದೆ.

ಒಳಗೆ ಆಗುವುದು ಇಷ್ಟು. ಚರ್ಮದ ಕೆಳಗಿನ ಕೊಬ್ಬಿಗೆ ರಕ್ತ ತರುವ ಅತಿ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಸುಣ್ಣ ಕೂರುತ್ತದೆ. ನಾಳ ಕಿರಿದಾಗುತ್ತದೆ. ಉಳಿದ ಸಣ್ಣ ದಾರಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅಲ್ಲಿಗೆ ರಕ್ತ ನಿಂತು ಚರ್ಮ ಸಾಯುತ್ತದೆ. ನಮ್ಮ ಊರಿನಲ್ಲಿ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ಎಲ್ಲರೂ ನೋಡಿದ್ದೀರಿ. ರೋಗಿಗಳಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಅದು ಅರ್ಧ ಮಾತ್ರ ಸರಿ. ಪಾತ್ರೆ ಸುಮ್ನೆ ಇರುತ್ತದೆ, ಸುಣ್ಣ ಬಂದು ಕೂರುತ್ತದೆ. ರಕ್ತನಾಳ ಸುಮ್ನೆ ಇರುವುದಿಲ್ಲ. ರಕ್ತದಲ್ಲಿ ಫಾಸ್ಫರಸ್ ಜಾಸ್ತಿ ಇದ್ದಾಗ ನಾಳದ ಗೋಡೆಯ ಸ್ನಾಯು ಕೋಶಗಳು ತಮ್ಮ ಕೆಲಸ ಬಿಟ್ಟು ಮೂಳೆ ಕಟ್ಟುವ ಕೋಶಗಳ ಕೆಲಸ ಶುರು ಮಾಡುತ್ತವೆ.

ದೇಹದಲ್ಲಿ ಇದನ್ನು ತಡೆಯುವ ಕಾವಲೂ ಇದೆ. ಮೇಟ್ರಿಕ್ಸ್ ಗ್ಲಾ ಪ್ರೋಟೀನ್ ಅಂತ ಒಂದು ಪ್ರೋಟೀನ್. ನಾಳದಲ್ಲಿ ಸುಣ್ಣ ಕಟ್ಟದ ಹಾಗೆ ಅದು ನೋಡಿಕೊಳ್ಳುತ್ತದೆ. 1997ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಈ ಪ್ರೋಟೀನ್ ಇಲ್ಲದ ಇಲಿಗಳನ್ನು ಬೆಳೆಸಿದರು. ಎರಡು ತಿಂಗಳೊಳಗೆ ಅವುಗಳ ದೊಡ್ಡ ರಕ್ತನಾಳಗಳು ಸುಣ್ಣಗಟ್ಟಿ ಒಡೆದು ಇಲಿಗಳು ಸತ್ತವು. ಈ ಪ್ರೋಟೀನ್ ಕೆಲಸ ಮಾಡಬೇಕಾದರೆ ವಿಟಮಿನ್ ಕೆ ಬೇಕು. ರಕ್ತ ತೆಳುವಾಗಿಸಲು ಕೊಡುವ ವಾರ್ಫರಿನ್ ಮಾತ್ರೆ ತಡೆಯುವುದು ಅದೇ ವಿಟಮಿನ್ ಕೆ ಕೆಲಸವನ್ನು. ಹಾಗಾಗಿ ಡಯಾಲಿಸಿಸ್‌ನಲ್ಲಿದ್ದು ವಾರ್ಫರಿನ್ ತೆಗೆದುಕೊಳ್ಳುವವರಿಗೆ ಈ ಕಾಯಿಲೆಯ ಅಪಾಯ ಹೆಚ್ಚು.

ದಯವಿಟ್ಟು ಇದನ್ನು ಕೇಳಿ ಮನೆಗೆ ಹೋಗಿ ಮಾತ್ರೆ ನಿಲ್ಲಿಸಬೇಡಿ. ಹೃದಯದಲ್ಲಿ ಲೋಹದ ವಾಲ್ವ್ ಹಾಕಿಸಿಕೊಂಡವರು ವಾರ್ಫರಿನ್ ಬಿಟ್ಟರೆ ವಾಲ್ವ್ ಕಟ್ಟಿಕೊಂಡು ಪ್ರಾಣಕ್ಕೇ ಕುತ್ತು. ನೀವು ಮಾಡಬೇಕಾದದ್ದು ಒಂದೇ. ಮುಂದಿನ ಸಲ ಡಾಕ್ಟರ್ ಸಿಕ್ಕಾಗ, ನನಗೆ ಇದು ಯಾಕೆ ಕೊಟ್ಟಿದ್ದೀರಿ, ಈಗಲೂ ಬೇಕಾ, ಬದಲಿ ಇದೆಯಾ ಅಂತ ಕೇಳಿ.

ಹೆಂಗಸರಲ್ಲಿ ಈ ಕಾಯಿಲೆ ಹೆಚ್ಚು. ತೂಕ ಜಾಸ್ತಿ ಇರುವವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ರಕ್ತದ ಕ್ಯಾಲ್ಸಿಯಂ ಹದ ನೋಡಿಕೊಳ್ಳುವ ಪ್ಯಾರಾಥೈರಾಯ್ಡ್ ಹಾರ್ಮೋನ್ ವಿಪರೀತ ಏರಿದ್ದರೂ ಅಪಾಯ, ಔಷಧ ಕೊಟ್ಟು ಅದನ್ನು ವಿಪರೀತ ಇಳಿಸಿದರೂ ಅಪಾಯ. ಒಂದೇ ಜಾಗಕ್ಕೆ ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಅಲ್ಲೇ ಶುರುವಾಗಬಹುದು. ಜಾಗ ಬದಲಿಸುತ್ತಾ ಇರಿ.

ಸುಣ್ಣ ಕಟ್ಟುವುದೆಲ್ಲ ಈ ಕಾಯಿಲೆಯೇ ಅಲ್ಲ. ಕೆಲವರಿಗೆ ಬೆರಳ ತುದಿಯಲ್ಲಿ, ಮೊಣಕೈ ಹತ್ತಿರ, ಭುಜದ ಹತ್ತಿರ ಗಟ್ಟಿ ಗಂಟು ಬರುತ್ತದೆ. ಒಡೆದರೆ ಬಿಳಿ ಸುಣ್ಣದಂಥದ್ದು ಬರುತ್ತದೆ. ಅದಕ್ಕೂ ಮೂಲ ಕ್ಯಾಲ್ಸಿಯಂ, ಫಾಸ್ಫರಸ್ ಹದ ತಪ್ಪಿದ್ದೇ. ರಕ್ತದ ಲೆಕ್ಕ ಸರಿಯಾದರೆ ಇವು ಎಷ್ಟೋ ಸಲ ಕರಗುತ್ತವೆ. ಚರ್ಮವನ್ನು ಇವು ಸಾಯಿಸುವುದಿಲ್ಲ. ತೋರಿಸಿ, ಆದರೆ ಗಾಬರಿ ಬೇಡ. ಮನೆಯಲ್ಲಿ ಮಾತ್ರ ಚುಚ್ಚಿ ಒಡೆಯಬೇಡಿ.

ನಾಚಿಕೆಯ ಮಾತು

ಡಯಾಲಿಸಿಸ್ ವಾರ್ಡಿನಲ್ಲಿ ಎಲ್ಲರೂ ನೋಡುವುದು ಕೈಯನ್ನು. ಫಿಸ್ಟುಲಾ (ಡಯಾಲಿಸಿಸ್ ಸೂಜಿಗಾಗಿ ಕೈಯಲ್ಲಿ ಮಾಡಿದ ರಕ್ತನಾಳದ ಜೋಡಣೆ) ಹೇಗಿದೆ, ಸೂಜಿ ಎಲ್ಲಿ ಹಾಕುವುದು, ಬಿ.ಪಿ. ಎಷ್ಟು, ತೂಕ ಎಷ್ಟು. ನಾಲ್ಕು ಗಂಟೆ ಹೊದಿಕೆ ಹೊದ್ದು ಮಲಗುತ್ತೀರಿ. ಆ ಹೊದಿಕೆಯ ಕೆಳಗೆ, ಸೀರೆ ಕಟ್ಟುವ ಜಾಗದ ಕೆಳಗೆ, ತೊಡೆಯ ಒಳಗೆ ಏನಾಗಿದೆ ಅಂತ ಯಾರೂ ಕೇಳುವುದಿಲ್ಲ. ಪಕ್ಕದ ಹಾಸಿಗೆಗೂ ನಿಮಗೂ ನಡುವೆ ಎಷ್ಟೋ ಕಡೆ ಪರದೆಯೂ ಇರುವುದಿಲ್ಲ. ಟೆಕ್ನಿಷಿಯನ್ ಹುಡುಗ ಮಗನ ವಯಸ್ಸಿನವನು. ಅವನಿಗೆ ಹೇಗೆ ಹೇಳುವುದು? ನಮ್ಮ ಅಮ್ಮಂದಿರು ಹೇಳುವುದಿಲ್ಲ. ಸೊಸೆಗೂ ಹೇಳುವುದಿಲ್ಲ, ಮಗಳಿಗೂ ಹೇಳುವುದಿಲ್ಲ. ಎಣ್ಣೆ ಹಚ್ಚುತ್ತಾರೆ, ಬಿಸಿನೀರಿನ ಶಾಖ ಕೊಡುತ್ತಾರೆ, ಮೆಡಿಕಲ್ ಶಾಪ್‌ನಿಂದ ನೋವಿನ ಮಾತ್ರೆ ತರಿಸುತ್ತಾರೆ. ಕೊನೆಗೆ ವಾಸನೆ ಬಂದ ಮೇಲೆ ಮನೆಯವರಿಗೆ ಗೊತ್ತಾಗುತ್ತದೆ.

ನಾನು ನೋಡಿದ ಈ ಕಾಯಿಲೆಯ ಹೆಂಗಸರಲ್ಲಿ ಹೆಚ್ಚಿನವರು ನನ್ನ ಹತ್ತಿರ ಬಂದಾಗ ಹುಣ್ಣು ಆಗಲೇ ಒಡೆದಿತ್ತು. ನೋವು ಯಾವಾಗ ಶುರುವಾಯಿತಮ್ಮಾ ಅಂದರೆ, ಹಬ್ಬದ ಮುಂಚೆ, ಮೊಮ್ಮಗನ ಹುಟ್ಟುಹಬ್ಬಕ್ಕೂ ಮುಂಚೆ ಅನ್ನುತ್ತಾರೆ. ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಗೆ ಬರುವವರು ಇವರು. ಅಷ್ಟು ಸಲ ಬಂದೂ ಕಾಣಿಸಲಿಲ್ಲ ಅನ್ನುವುದು ನನಗೆ ಸಹಿಸಲು ಆಗುವುದಿಲ್ಲ. ತಪ್ಪು ಅವರದಲ್ಲ. ಕೇಳಬೇಕಾದವರು ನಾವು.

ಅದಕ್ಕೆ ಎರಡು ಮನವಿ. ಡಯಾಲಿಸಿಸ್ ಕೇಂದ್ರ ನಡೆಸುವವರು ಯಾರಾದರೂ ಇಲ್ಲಿದ್ದರೆ, ತಿಂಗಳಿಗೆ ಒಮ್ಮೆ ರಕ್ತಪರೀಕ್ಷೆಗೆ ತೆಗೆಯುವ ದಿನವೇ ಚರ್ಮವನ್ನೂ ನೋಡಿ. ಹೆಂಗಸರನ್ನು ಸಿಸ್ಟರ್ ನೋಡಲಿ, ಪರದೆ ಎಳೆದು. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ. ಕಿಬ್ಬೊಟ್ಟೆ, ತೊಡೆ, ಪೃಷ್ಠ, ಸ್ತನದ ಕೆಳಗೆ, ಮೀನಖಂಡ, ಗಂಡಸರಲ್ಲಿ ಶಿಶ್ನ. ನೋಡಿ, ಮುಟ್ಟಿ, ನೋವಿದೆಯಾ ಅಂತ ಕೇಳಿ. ಮನೆಯವರಿಗೆ ಹೇಳುವುದು: ಸ್ನಾನದ ದಿನ ಅಮ್ಮನ, ಅತ್ತೆಯ ಬೆನ್ನು ಉಜ್ಜಿಕೊಡುವ ನೆಪದಲ್ಲಾದರೂ ಒಮ್ಮೆ ಕಣ್ಣಾಡಿಸಿ. ಹೊಸ ನೇರಳೆ ಗೆರೆ ಕಂಡರೆ, ಒಳಗೆ ಗಟ್ಟಿ ಸಿಕ್ಕಿದರೆ, ಮುಟ್ಟಿದ್ದಕ್ಕೆ ಅವರು ಚೀರಿದರೆ, ನಾಳೆಗೆ ಬಿಡಬೇಡಿ. ಕಪ್ಪಾದ ಜಾಗ ಕಂಡರೆ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಎರಡು ದಿನದಲ್ಲಿ ಎಷ್ಟು ಹರಡಿದೆ ಅನ್ನುವುದು ನಮಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಫಾಸ್ಫರಸ್ ಲೆಕ್ಕ

ಸುಣ್ಣ ಕಟ್ಟುವುದರಲ್ಲಿ ಫಾಸ್ಫರಸ್‌ನ ಕೈಯೂ ಇದೆ ಅಂದೆ. ಒಂದು ಲೆಕ್ಕ ಹೇಳುತ್ತೇನೆ. ದಿನಕ್ಕೆ ಊಟದಲ್ಲಿ ಸುಮಾರು 1,000 ಮಿಲಿಗ್ರಾಂ ಫಾಸ್ಫರಸ್ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ 600 ರಕ್ತಕ್ಕೆ ಸೇರಿತು ಅಂದರೆ ವಾರಕ್ಕೆ 4,200. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ತೆಗೆಯುವುದು ಸುಮಾರು 800ರಿಂದ 1,000. ವಾರಕ್ಕೆ ಮೂರು ಸಲ ಮಾಡಿಸಿಕೊಂಡರೂ 3,000 ದಾಟುವುದಿಲ್ಲ. ನಮ್ಮಲ್ಲಿ ಬಹಳ ಜನ ಎರಡೇ ಸಲ ಮಾಡಿಸಿಕೊಳ್ಳುತ್ತಾರೆ, ದುಡ್ಡಿನ ಕಾರಣಕ್ಕೆ, ದೂರದ ಕಾರಣಕ್ಕೆ. ರಾಮನಗರದಿಂದ, ಕೋಲಾರದಿಂದ ಬೆಳಿಗ್ಗೆ ಎದ್ದು ಬಸ್ಸು ಹತ್ತಿ ಬರುವವರಿಗೆ ಮೂರನೇ ಸಲ ಬನ್ನಿ ಅನ್ನುವುದು ಸುಲಭದ ಮಾತಲ್ಲ. ಆದರೆ ಲೆಕ್ಕ ಮಾತ್ರ ಹೀಗಿದೆ. ಉಳಿದದ್ದನ್ನು ಊಟದಲ್ಲಿ ಮತ್ತು ಬೈಂಡರ್ ಮಾತ್ರೆಯಲ್ಲಿ ಸರಿಮಾಡಬೇಕು.

ಬೈಂಡರ್ ಮಾತ್ರೆಯನ್ನು ಬಹಳ ಜನ ತಪ್ಪಾಗಿ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಎಲ್ಲ ಮಾತ್ರೆಯನ್ನೂ ಒಟ್ಟಿಗೆ ನುಂಗಿಬಿಡುತ್ತಾರೆ. ಈ ಮಾತ್ರೆಯ ಕೆಲಸ ನಡೆಯುವುದು ಹೊಟ್ಟೆಯೊಳಗೆ, ಊಟದ ಜೊತೆ. ಅನ್ನದಲ್ಲಿರುವ ಫಾಸ್ಫರಸ್ ಅನ್ನು ಅಲ್ಲೇ ಹಿಡಿದು ಮಲದಲ್ಲಿ ಕಳಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಹಿಡಿಯುವುದಕ್ಕೆ ಏನಿದೆ? ತಟ್ಟೆಯ ಪಕ್ಕದಲ್ಲೇ ಇಟ್ಟುಕೊಳ್ಳಿ. ಮದುವೆ ಊಟಕ್ಕೆ ಹೋದರೂ ಜೇಬಿನಲ್ಲಿ ಇರಲಿ. ಚರ್ಮದಲ್ಲೋ ನಾಳದಲ್ಲೋ ಸುಣ್ಣ ಕಟ್ಟುವ ಸೂಚನೆ ಇದ್ದರೆ ಕ್ಯಾಲ್ಸಿಯಂ ಇರುವ ಬೈಂಡರ್ ಬದಲು ಸೆವೆಲಮರ್‌ನಂಥ ಕ್ಯಾಲ್ಸಿಯಂ ಇಲ್ಲದ್ದನ್ನು ಡಾಕ್ಟರ್ ಕೊಡುತ್ತಾರೆ. ಅದರ ಬೆಲೆ ಜಾಸ್ತಿ, ಅದೂ ನಿಜ.

ಊಟದಲ್ಲಿ ಎಲ್ಲ ಫಾಸ್ಫರಸ್ ಒಂದೇ ಅಲ್ಲ. ಕಾಳು, ಧಾನ್ಯದಲ್ಲಿ ಇರುವುದು ಪೂರ್ತಿ ರಕ್ತಕ್ಕೆ ಸೇರುವುದಿಲ್ಲ, ಸೇರುವುದು ಅರ್ಧಕ್ಕಿಂತ ಕಡಿಮೆ. ಹಾಲು, ಮಾಂಸದ್ದು ಅದಕ್ಕಿಂತ ಹೆಚ್ಚು. ಪ್ಯಾಕೆಟ್ ತಿಂಡಿಗೆ, ಚೀಸ್ ಸ್ಲೈಸ್‌ಗೆ, ಸಾಸೇಜ್‌ಗೆ, ಕಪ್ಪು ಕೋಲಾಕ್ಕೆ ಕಾರ್ಖಾನೆಯಲ್ಲಿ ಸೇರಿಸುವ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ಸೇರುತ್ತದೆ. ಮೊದಲು ಬಿಡಬೇಕಾದದ್ದು ಇದನ್ನು. ಮನೆಯ ಸಾರನ್ನು ಬಿಟ್ಟು ಪ್ಯಾಕೆಟ್ ಸೂಪು ಕುಡಿಯುವವರನ್ನು ನೋಡಿದಾಗ ನನಗೆ ಬೇಸರವಾಗುತ್ತದೆ.

ಚಿಕಿತ್ಸೆಯ ಬಗ್ಗೆ ಒಂದು ಮಾತು. ಕ್ಯಾಲ್ಸಿಫೈಲಾಕ್ಸಿಸ್‌ಗೆ ಇದೇ ಸರಿ ಅಂತ ಗಟ್ಟಿಯಾಗಿ ಸಾಬೀತಾದ ಒಂದು ಔಷಧ ಇಲ್ಲ. ಹೆಚ್ಚು ಬಳಸುವುದು ಸೋಡಿಯಂ ಥಯೋಸಲ್ಫೇಟ್. ಹಳೆಯ ಫೋಟೋ ಸ್ಟುಡಿಯೋಗಳಲ್ಲಿ ಹೈಪೋ ಅಂತ ಬಳಸುತ್ತಿದ್ದರಲ್ಲ, ಅದೇ ರಾಸಾಯನಿಕ, ಆದರೆ ಇಂಜೆಕ್ಷನ್‌ಗೆ ಶುದ್ಧ ಮಾಡಿದ್ದು. ಡಯಾಲಿಸಿಸ್‌ನ ಕೊನೆಯ ಒಂದು ಗಂಟೆಯಲ್ಲಿ, ಸಾಮಾನ್ಯವಾಗಿ 25 ಗ್ರಾಂ ಕೊಡುತ್ತಾರೆ. ವಾಂತಿ ಬರಬಹುದು. ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ನಿಲ್ಲಿಸುವುದು, ಡಯಾಲಿಸಿಸ್ ಹೆಚ್ಚಿಸುವುದು, ಪ್ಯಾರಾಥೈರಾಯ್ಡ್ ಹಾರ್ಮೋನ್ ಏರಿದ್ದರೆ ಅದನ್ನು ಇಳಿಸುವ ಸಿನಕ್ಯಾಲ್ಸೆಟ್ ಮಾತ್ರೆ ಕೊಡುವುದು ಅಥವಾ ಆ ಗ್ರಂಥಿಯ ಆಪರೇಷನ್. ಎಲ್ಲಕ್ಕಿಂತ ಮುಖ್ಯ ಗಾಯದ ಆರೈಕೆ ಮತ್ತು ನೋವು ಕಡಿಮೆ ಮಾಡುವುದು. ಈ ನೋವಿಗೆ ಅಂಗಡಿಯ ಮಾತ್ರೆ ಸಾಲದು, ಕೆಲವು ಮಾತ್ರೆಗಳು ಡಯಾಲಿಸಿಸ್‌ನಲ್ಲಿರುವವರಿಗೆ ಅಪಾಯವೂ ಹೌದು. ನೋವಿನ ತಜ್ಞರು, ಗಂಭೀರ ಕಾಯಿಲೆಯಲ್ಲಿ ಸಂಕಟ ಕಡಿಮೆ ಮಾಡುವ ಉಪಶಾಮಕ ಆರೈಕೆಯವರು ಮೊದಲ ದಿನದಿಂದಲೇ ಜೊತೆಗಿರಬೇಕು. ಅವರನ್ನು ಕರೆದರು ಅಂದರೆ ಕೈಬಿಟ್ಟರು ಅಂತ ಅಲ್ಲ.

ಸಭೆಯಿಂದ ಬಂದ ಪ್ರಶ್ನೆಗಳು

ಒಬ್ಬ ಹಿರಿಯರು ಕೇಳಿದರು: "ಡಾಕ್ಟ್ರೇ, ನಾನು ಊಟ ಆದ್ಮೇಲೆ ಎಲೆ ಅಡಿಕೆ ಹಾಕ್ತೀನಿ. ಎಲೆಗೆ ಹಚ್ಚೋ ಸುಣ್ಣದಿಂದಲೂ ತೊಂದರೆ ಇದೆಯಾ?"

ಇದೆ, ಸರ್. ಅದೂ ಕ್ಯಾಲ್ಸಿಯಮ್ಮೇ. ದಿನಕ್ಕೆ ಹಲವು ಸಲ ಹಾಕುವವರಲ್ಲಿ ರಕ್ತದ ಕ್ಯಾಲ್ಸಿಯಂ ಏರಿದ ವರದಿಗಳಿವೆ. ನಿಮ್ಮ ಡಾಕ್ಟರಿಗೆ ಎಲೆ ಅಡಿಕೆ ವಿಷಯವನ್ನೂ ಹೇಳಿ. ಬಿಟ್ಟರೆ ಬಾಯಿಗೂ ಒಳ್ಳೆಯದು. ಅದೇ ರೀತಿ ಮೂಳೆಗೆ ಒಳ್ಳೇದು ಅಂತ ಪಕ್ಕದ ಮನೆಯವರು ಹೇಳಿದ ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ಡಿ ಪುಡಿ ನೀವಾಗಿಯೇ ತೆಗೆದುಕೊಳ್ಳಬೇಡಿ.

ಒಬ್ಬ ತಾಯಿ: "ನಮ್ಮ ಯಜಮಾನ್ರಿಗೆ ಮುದ್ದೆ ಇಲ್ಲದೆ ಊಟ ಸೇರಲ್ಲ. ರಾಗಿ ಪೂರ್ತಿ ಬಿಡಿಸಬೇಕಾ?"

ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, 100 ಗ್ರಾಂ ಹಿಟ್ಟಿನಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು. ಫಾಸ್ಫರಸ್ಸೂ ಇದೆ. ಆದರೆ ಎಲ್ಲರಿಗೂ ಒಂದೇ ಉತ್ತರ ಕೊಟ್ಟರೆ ತಪ್ಪಾಗುತ್ತದೆ. ಯಜಮಾನರ ಈ ತಿಂಗಳ ಕ್ಯಾಲ್ಸಿಯಂ, ಫಾಸ್ಫರಸ್, ಪೊಟ್ಯಾಷಿಯಂ ರಿಪೋರ್ಟ್ ತೆಗೆದುಕೊಂಡು ಡಯಟಿಷಿಯನ್ ಹತ್ತಿರ ಹೋಗಿ. ಎಷ್ಟು ದೊಡ್ಡ ಮುದ್ದೆ, ವಾರಕ್ಕೆ ಎಷ್ಟು ಸಲ ಅಂತ ಅವರು ಹೇಳುತ್ತಾರೆ. ಮುದ್ದೆ ಬಿಡಿಸಿ ಬೇಕರಿ ಬನ್ನು, ಬಿಸ್ಕತ್ತು ಮಾತ್ರ ಕೊಡಬೇಡಿ ಅಮ್ಮಾ.

ಒಬ್ಬ ಯುವಕ: "ಅಪ್ಪನಿಗೆ ಚರ್ಮದ ತುಣುಕು ತೆಗೆದು ಪರೀಕ್ಷೆ ಮಾಡಬೇಕು ಅಂದಿದ್ದಾರೆ. ಗಾಯ ಜಾಸ್ತಿ ಆಗಲ್ವಾ?"

ಒಳ್ಳೆಯ ಪ್ರಶ್ನೆ. ಕ್ಯಾಲ್ಸಿಫೈಲಾಕ್ಸಿಸ್ ಇರುವ ಚರ್ಮ ಬೇಗ ಮಾಯುವುದಿಲ್ಲ. ಹಾಗಾಗಿ ನೋಡಿದ ತಕ್ಷಣ ಖಾತ್ರಿಯಾಗುವ ಸ್ಥಿತಿಯಲ್ಲಿ ಎಷ್ಟೋ ಸಲ ಬಯಾಪ್ಸಿ ಇಲ್ಲದೆಯೇ ಚಿಕಿತ್ಸೆ ಶುರು ಮಾಡುತ್ತೇವೆ. ಅನುಮಾನ ಇದ್ದಾಗ ಮಾಡಲೇಬೇಕಾಗುತ್ತದೆ, ಯಾಕೆಂದರೆ ರಕ್ತನಾಳದ ಉರಿಯೂತ, ಸೋಂಕು, ಬೇರೆ ಕಾಯಿಲೆಗಳೂ ಹೀಗೇ ಕಾಣುತ್ತವೆ, ಅವುಗಳ ಚಿಕಿತ್ಸೆ ಪೂರ್ತಿ ಬೇರೆ. ಗಾಯದ ಅಂಚಿನಿಂದ, ಸಾಧ್ಯವಾದಷ್ಟು ಚಿಕ್ಕ ತುಣುಕು, ಆದರೆ ಕೊಬ್ಬಿನ ಪದರದವರೆಗೆ ಆಳವಾಗಿ ತೆಗೆಯುತ್ತಾರೆ. ಯಾಕೆ ಬೇಕು ಅಂತ ಅವರನ್ನೇ ಕೇಳಿ, ವಿವರಿಸುತ್ತಾರೆ.

"ಕಿಡ್ನಿ ಕಸಿ ಆದರೆ ಇದೆಲ್ಲ ಹೋಗುತ್ತಾ?" ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು.

ಎನ್‌ಎಸ್‌ಎಫ್ ಬಂದ ಕೆಲವರಲ್ಲಿ ಕಸಿಯ ನಂತರ ಚರ್ಮ ಸಡಿಲವಾಗಿದೆ, ಎಲ್ಲರಲ್ಲೂ ಅಲ್ಲ. ಸುಣ್ಣದ ಗಂಟುಗಳು ಎಷ್ಟೋ ಸಲ ಕಡಿಮೆಯಾಗುತ್ತವೆ. ಕ್ಯಾಲ್ಸಿಫೈಲಾಕ್ಸಿಸ್‌ನಲ್ಲಿ ದೊಡ್ಡ ತೆರೆದ ಗಾಯ, ಸೋಂಕು ಇರುವಾಗ ಕಸಿ ಮಾಡುವುದು ಕಷ್ಟ. ನಿಮಗೆ ದಾನಿ ಇಲ್ಲದಿದ್ದರೆ ನಿಮ್ಮ ಆಸ್ಪತ್ರೆಯ ಮೂಲಕ ಅಂಗದಾನ ನೋಡಿಕೊಳ್ಳುವ ನಮ್ಮ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಿ. ಸರತಿ ಉದ್ದ ಇದೆ, ಅದಕ್ಕೇ ಬೇಗ ನೋಂದಾಯಿಸಿ.

ಕೊನೆಯದಾಗಿ ಒಬ್ಬ ಹೆಣ್ಣುಮಗಳು ಎದ್ದು ಕೇಳಿದಳು: "ಅಮ್ಮನಿಗೆ ತೊಡೆಯಲ್ಲಿ ನೋವಿದೆ ಅಂತ ಇಟ್ಟುಕೊಳ್ಳಿ. ಮೊದಲು ಯಾರ ಹತ್ತಿರ ಹೋಗಬೇಕು ಮೇಡಂ? ಚರ್ಮದ ಡಾಕ್ಟರಾ, ಕಿಡ್ನಿ ಡಾಕ್ಟರಾ?"

ನಿಮ್ಮ ಡಯಾಲಿಸಿಸ್ ಸಿಸ್ಟರ್ ಹತ್ತಿರ. ಅಮ್ಮನನ್ನು ಯಂತ್ರಕ್ಕೆ ಜೋಡಿಸುವ ಮುಂಚೆಯೇ ಹೇಳಿ, ಮುಗಿದ ಮೇಲಲ್ಲ. ಪರದೆ ಎಳೆಸಿ ತೋರಿಸಿ. ಕಿಡ್ನಿ ಡಾಕ್ಟರ್ ಅಂದೇ ನೋಡಲಿ, ಅವರು ನಮ್ಮಂಥವರನ್ನು ಕರೆಯುತ್ತಾರೆ. ಅಮ್ಮ ಬಳಸುವ ಎಲ್ಲ ಮಾತ್ರೆಯ ಚೀಟಿ ಕೈಯಲ್ಲಿರಲಿ, ವಾರ್ಫರಿನ್, ಕ್ಯಾಲ್ಸಿಯಂ, ವಿಟಮಿನ್ ಡಿ ಇದ್ದರೆ ಅವುಗಳ ಹೆಸರಿಗೆ ಗೆರೆ ಎಳೆದು ಕೊಡಿ. ಅಂದು ಡಯಾಲಿಸಿಸ್ ದಿನ ಅಲ್ಲದಿದ್ದರೆ ಮುಂದಿನ ಸರದಿಯವರೆಗೆ ಕಾಯಬೇಡಿ, ಅಂದೇ ಕೇಂದ್ರಕ್ಕೆ ಫೋನ್ ಮಾಡಿ. ಮತ್ತು ಶಾಖ ಕೊಡಬೇಡಿ, ಉಜ್ಜಬೇಡಿ.